ಕೊಬ್ಬರಿ ತಕ್ಕಡಿಯಲ್ಲಿ ಕೂತ ಮಕ್ಕಳು

ಹಜಾರದಲ್ಲಿ ಕೂತು ರಾಗಿ ಕೇರುತ್ತಿದ್ದೆ. ಸಂಜೆ ಮಿಲ್ಲು ಮುಚ್ಚುವುದರೊಳಗೆ ಕಳಿಸಬೇಕಿತ್ತು. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು.

“ಅಕ್ಕ, ಇವತ್ತು ತೂಗಿದ್ರಲ್ಲ, ಎಲ್ಲಾ ಮಕ್ಕಳದೂ ಕೂಡಿಸಿ ತೂಕ ಇಳಿದೈತಂತೆ. ನಿಮ್ಮ ಮಗಳದೂ ಇಳಿದೈತೆ. ನಾಳೆಯಿಂದ ಕೊಟ್ಟಿಗೆಗೆ ಬೀಗ ಹಾಕ್ತೀನಿ ಅಂದವ್ರೆ ನಿಮ್ಮ ಭಾವನೋರು. ಮೂರು ಗಂಟೆಗೆ ಎಲ್ಲಾರ್ನೂ ಕರೆದವ್ರೆ.”

ಮೊರ ಕೈಯಲ್ಲೇ ನಿಂತಿತು. ಮಕ್ಕಳನ್ನು ತೂಗಿ ನೋಡೋಣ ಎಂದವಳೇ ನಾನು.

ಬಿಸಿಯೂಟ ಬಂದ ಹೊಸದು ಅದು. ನಮ್ಮೂರು ಹಳೇಬೀಡಿನಿಂದ ಅರಸೀಕೆರೆ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿದೆ. ಶಾಲೆಗೆ ಅಡಿಗೆಕೋಣೆ ಬರುತ್ತದೆ ಎಂದು ಪಾಯ ತೋಡಿ ಹೋದವರು ತಿರುಗಿ ಬಂದಿರಲಿಲ್ಲ. ಹಾಗಾಗಿ ಶಾಲೆಗೆ ಅಂಟಿಕೊಂಡಿದ್ದ ಭಾವನವರ ಕೊಬ್ಬರಿ ಕೊಟ್ಟಿಗೆಯಲ್ಲೇ ಒಲೆ ಹೂಡಿದ್ದರು. ಭಾವನವರೆಂದರೆ ನನ್ನ ಯಜಮಾನರ ಅಣ್ಣ, ಶಾಲಾ ಸಮಿತಿಗೂ ಅವರೇ ಅಧ್ಯಕ್ಷರು. ಮೇಲೆ ಅಟ್ಟದಲ್ಲಿ ತೆಂಗಿನಕಾಯಿ ಒಣಗಬೇಕು, ಕೆಳಗೆ ಅನ್ನ ಕುದಿಯಬೇಕು. ಹಬೆ ತಾಗಿ ಕೊಬ್ಬರಿಗೆ ಬೂಸ್ಟು ಹಿಡಿಯುತ್ತಿದ್ದುದು ಸುಳ್ಳಲ್ಲ. ಮೇಷ್ಟ್ರು ಪಾಠ ಬಿಟ್ಟು ಬೇಳೆ ಅಳೆಯುತ್ತಿದ್ದುದೂ ನಿಜ. ಅಕ್ಕಿಯಲ್ಲಿ ಹುಳ ಬಂದ ದಿನ ನಾನೇ ಹೋಗಿ ಆರಿಸಿಕೊಟ್ಟಿದ್ದೇನೆ.

ಮೊದಲಿನ ಹಾಗೆ ತಿಂಗಳಿಗೆ ಮೂರು ಕೆಜಿ ಅಕ್ಕಿಯನ್ನು ಮಕ್ಕಳ ಕೈಗೆ ಕೊಟ್ಟು ಮನೆಗೆ ಕಳಿಸಿದರೆ ಸಾಕು ಎನ್ನುವುದು ಭಾವನವರ ವಾದ. ಆ ಅಕ್ಕಿಯ ಕಥೆ ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಅದು ದೋಸೆಗೆ ನೆನೆಯುತ್ತಿತ್ತು. ಕೂಲಿಯವರ ಮನೆಯಲ್ಲಿ ಆರು ಜನ ಉಂಡು ನಾಲ್ಕನೆಯ ದಿನಕ್ಕೆ ಚೀಲ ಝಾಡಿಸುತ್ತಿದ್ದರು. ನನ್ನ ಮಗಳ ಪಕ್ಕ ಕೂರುವ ಹುಡುಗಿಯ ಮನೆ ಅಂಥದ್ದು. ಅವಳ ತಾಯಿ ಹೊತ್ತು ಮೂಡುವ ಮೊದಲೇ ಶುಂಠಿ ಕೀಳಲು ಹೋದರೆ ಮನೆಯಲ್ಲಿ ಒಲೆ ಹೊತ್ತುವುದು ಕತ್ತಲಾದ ಮೇಲೆಯೇ. “ಇಸ್ಕೂಲಲ್ಲಿ ಊಟ ನಿಂತ್ರೆ ನನ್ ಜೊತೇಲಿ ಹೊಲಕ್ಕೇ ಕರ್ಕೊಂಡು ಹೋಯ್ತೀನಿ ಕಣಕ್ಕ, ಅಲ್ಲಾದ್ರೆ ಹೊಲದೋರು ಒಂದು ಮುದ್ದೆ ಹಾಕ್ತಾರೆ,” ಎಂದು ಆ ತಾಯಿ ನನ್ನ ಬಳಿಯೇ ಹೇಳಿದ್ದಳು.

ಊಟದಿಂದ ಏನು ಸಿಕ್ಕಿತು, ಏನು ಹೋಯಿತು ಎಂಬ ಮಾತು ಬೆಳೆದು ಜಗಳವಾಗುವಂತಿದ್ದಾಗ, ದಸರೆಗೆ ಮುಂಚೆ, ಮಕ್ಕಳನ್ನೇ ತೂಗಿ ನೋಡೋಣ ಎಂದಿದ್ದೆ. ಭಾವನವರ ಎದುರು ನಾವು ಸೊಸೆಯರು ನೇರ ಮಾತಾಡುವ ಪದ್ಧತಿ ಇರಲಿಲ್ಲ. ಅವರು ಎದುರಿಗೇ ಕೂತಿದ್ದರೂ “ಅತ್ತೆ, ಭಾವನೋರಿಗೆ ಹೇಳಿ” ಎಂದೇ ಶುರು ಮಾಡಬೇಕು. ಹಾಗೇ ಹೇಳಿಸಿದೆ. ಕೊಟ್ಟಿಗೆಯ ತೊಲೆಗೆ ಕೊಬ್ಬರಿ ತೂಗುವ ದೊಡ್ಡ ತಕ್ಕಡಿ ನೇತಾಡುತ್ತಿತ್ತು. ಮಕ್ಕಳನ್ನು ತೂಗಿದರೆ ದೃಷ್ಟಿಯಾಗುತ್ತದೆ ಎಂದು ತಾಯಂದಿರು ಹಿಂಜರಿದರು. ದೇವರ ಮುಂದೆ ತುಲಾಭಾರ ಮಾಡಿಸುವುದಿಲ್ಲವೇ ಎಂದು ಕೇಳಿ, ಒಂದೊಂದು ಮಗುವಿನ ಹಣೆಗೂ ವಿಭೂತಿ ಹಚ್ಚಿ, ಉಪ್ಪು ನಿವಾಳಿಸಿ ಕೂರಿಸಿದೆ. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಮಗು. ಹೆಡ್ ಮೇಡಂ ಬರೆದುಕೊಂಡರು. ಸಂಕ್ರಾಂತಿ ಕಳೆದ ಮೇಲೆ ಮತ್ತೆ ತೂಗುವುದು ಎಂದಾಗಿತ್ತು. ಅದೇ ಆ ಬೆಳಿಗ್ಗೆ ಆಗಿದ್ದು.

“ನೀನು ಬಡಿಸಿದ್ದು ತಿಂದೂ ನನ್ ಮಗಳು ಇಳಿಯೋದು ಹೆಂಗೆ?” ಎಂದು ಎದುರಿಗೆ ನಿಂತಿದ್ದ ಅಡಿಗೆಯವಳನ್ನು ಕೇಳಿದೆ. ದನಿ ಸ್ವಲ್ಪ ಗಡುಸಾಗಿಯೇ ಬಂದಿರಬೇಕು.

ಅವಳು ನೆಲ ನೋಡಿದಳು. “ಬೇಜಾರು ಮಾಡ್ಕೋಬ್ಯಾಡಿ ಅಕ್ಕ. ಹತ್ತೂವರೆಗೇ ಬಂದು ಬಾಗಿಲಲ್ಲಿ ಇಣುಕ್ತಾಳೆ, ಆಯ್ತಾ ಅಂತ. ಮೊದಲು ಹಂಗೆ ಬತ್ತಿರಲಿಲ್ಲ.”

ಅವಳು ಹೋದ ಮೇಲೆ ನನ್ನ ಒಲೆಯತ್ತ ನೋಡಿದೆ. ಮೊದಲು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವಳೇ ರೊಟ್ಟಿ ತಟ್ಟುತ್ತಿದ್ದೆ. ಮಗಳು ತಿಂದೇ ಶಾಲೆಗೆ ಹೋಗುತ್ತಿದ್ದಳು. ಶಾಲೆಯ ಊಟ ರೂಢಿಯಾಗಿ, ದಸರೆ ಕಳೆದ ಮೇಲೆ, ಹೇಗೂ ಮಧ್ಯಾಹ್ನ ಅಲ್ಲಿ ಉಣ್ಣುತ್ತಾಳಲ್ಲ ಎಂದು ಒಂದು ಲೋಟ ಹಾಲು ಕೊಟ್ಟು ಕಳಿಸತೊಡಗಿದೆ. ಉಳಿದ ಅರ್ಧ ಗಂಟೆಯನ್ನು ಪೂಜೆಗೆ ಕೊಟ್ಟೆ. ಶಿವ ಇಷ್ಟು ಬಿಡುವು ಕೊಟ್ಟನಲ್ಲ ಎಂದು ಲಿಂಗವನ್ನು ಕಣ್ಣಿಗೆ ಒತ್ತಿಕೊಂಡಿದ್ದೆ. ಮಗಳ ರೊಟ್ಟಿಯನ್ನು ಶಿವನಿಗೆ ಕೊಟ್ಟು ಪುಣ್ಯ ಎಂದುಕೊಂಡಿದ್ದೆ.

ಮೂರು ಗಂಟೆಗೆ ಕೊಟ್ಟಿಗೆ ತುಂಬಿತ್ತು. ಭಾವನವರು ತಕ್ಕಡಿಯ ಪಕ್ಕ ಕುರ್ಚಿ ಹಾಕಿಸಿಕೊಂಡಿದ್ದರು. ಬೀಗ ಮೊಣಕಾಲ ಮೇಲಿತ್ತು.

“ನಾನೇನು ಹೇಳೋದು ಬ್ಯಾಡ. ತಕ್ಕಡೀನೇ ಹೇಳೈತೆ,” ಎಂದರು. “ನನ್ನ ಕೊಬ್ಬರಿ ಹಾಳು, ಮಕ್ಕಳ ಓದು ಹಾಳು. ಮಕ್ಕಳಾದ್ರೂ ದಪ್ಪ ಆದ್ವಾ ಅಂದ್ರೆ ಅದೂ ಇಲ್ಲ.”

ಗಂಡಸರು ನಕ್ಕರು. ಹೆಂಗಸರು ಗೋಡೆಗೆ ಒತ್ತಿ ನಿಂತಿದ್ದೆವು. ಅತ್ತೆ ಬಂದಿರಲಿಲ್ಲ. ಸೆರಗು ಹೊದ್ದು, ಹೆಡ್ ಮೇಡಂ ಕಡೆ ತಿರುಗಿದೆ.

“ಮೇಡಂ, ಭಾವನೋರಿಗೆ ಹೇಳಿ. ಯಾವ ಮಕ್ಕಳು ಇಳಿದವ್ರೆ, ಯಾವ ಮಕ್ಕಳು ಏರವ್ರೆ, ಅದನ್ನ ಬೇರೆ ಬೇರೆ ಓದಿ ಅಂತ.”

“ಮೇಡಂ, ನಮ್ಮನೆ ಹೆಣ್ಮಗಳಿಗೆ ಹೇಳಿ,” ಎಂದರು ಭಾವನವರು, “ಮನೇಲಿ ರಾಗಿ ಕಾಯ್ತಾ ಐತೆ ಅಂತ.”

ಹಾಸನ ಪೇಟೆಯಿಂದ ಬಂದಿದ್ದ ಮೇಡಂಗೆ ಎದುರುಬದುರು ನಿಂತವರ ನಡುವೆ ತಾನೇಕೆ ಎಂಬುದು ತಿಳಿಯಲಿಲ್ಲ. “ಇಬ್ಬರೂ ಇಲ್ಲೇ ಇದ್ದೀರಲ್ಲ,” ಎಂದರು. ಮತ್ತೆ ನಗು ಬಿತ್ತು. ಆದರೂ ಮೇಡಂ ಪುಸ್ತಕ ತೆರೆದು ಓದಿದರು. ಏರಿದವರ ಪಟ್ಟಿಯಲ್ಲಿ ಮೊದಲು ಬಂದದ್ದೇ ಶುಂಠಿ ಕೀಳುವವಳ ಮಗಳು. ಆಮೇಲೆ ಬಂದವರೆಲ್ಲ ಕೂಲಿಯವರ ಮಕ್ಕಳು. ಇಳಿದವರೆಲ್ಲ ನಮ್ಮ ಕೇರಿಯವರು, ತೆಂಗಿನ ತೋಟದವರು. ಗಂಡಸರ ನಗು ನಿಂತಿತು.

“ಇದೇನು ಉಲ್ಟಾ?” ಎಂದರು ಯಾರೋ.

ಬಾಯಿ ಬಿಡದಿದ್ದರೆ ಬೀಗ ಬೀಳುತ್ತಿತ್ತು. ಬಿಟ್ಟರೆ ನನ್ನ ಮನೆಯ ಮಾತು ಬೀದಿಗೆ ಬರುತ್ತಿತ್ತು. ನಾನು ಭಾವನವರ ಮುಖವನ್ನೇ ನೋಡಿದೆ. ಮದುವೆಯಾಗಿ ಹದಿಮೂರು ವರ್ಷಕ್ಕೆ ಅದೇ ಮೊದಲು.

“ಉಲ್ಟಾ ಅಲ್ಲ ಭಾವ. ನನ್ ಮಗಳಿಗೆ ನಾನು ಬೆಳಿಗ್ಗೆ ಉಣ್ಣಕ್ಕಿಕ್ಕೋದು ಬಿಟ್ಟೆ. ಇಸ್ಕೂಲಲ್ಲಿ ಹಾಕ್ತಾರಲ್ಲ ಅಂತ. ಸರ್ಕಾರ ಒಂದು ಊಟ ಕೊಡ್ತು, ನಾನು ಒಂದು ಕಿತ್ಕೊಂಡೆ. ತಪ್ಪು ನನ್ನದು, ಒಲೇದಲ್ಲ.” ಗೋಡೆಯ ಕಡೆ ತಿರುಗಿದೆ. “ನಿಮ್ಮಲ್ಲಿ ಯಾರ್ಯಾರು ಬಿಟ್ಟಿದ್ದೀರ, ಹೇಳ್ರಮ್ಮ.”

ಮೊದಲು ನನ್ನ ಪಕ್ಕದ ಮನೆಯಾಕೆ ಸೆರಗಿನ ಮರೆಯಿಂದ, “ನಾನೂ ಬಿಟ್ಟೆ ಕಣ್ರೀ, ಡೈರಿಗೆ ಹೊತ್ತಾಯ್ತದೆ ಅಂತ,” ಎಂದಳು. ಒಬ್ಬೊಬ್ಬರೇ ತಲೆಯಾಡಿಸಿದರು. ಭಾವನವರ ಸೊಸೆಯೂ ಆಡಿಸಿದಳು. ಅವರು ಅದನ್ನು ನೋಡಿದರು.

“ನಾವು ಮಾಡಿದ ತಪ್ಪಿಗೆ ಆ ಕೂಲಿಯವಳ ಮಗು ಯಾಕೆ ಉಪವಾಸ ಇರ್ಬೇಕು? ಮಠಕ್ಕೆ ವರ್ಷಾವರ್ಷ ಮೂಟೆ ಕಾಯಿ ಕೊಡ್ತೀರ, ದಾಸೋಹಕ್ಕೆ ಅಂತ. ಅಲ್ಲಿ ಉಂಡೋರು ದಪ್ಪ ಆದ್ರಾ ಅಂತ ಯಾವತ್ತಾದ್ರೂ ತೂಗ್ಸಿದ್ದೀರಾ ಭಾವ? ಬೀಗ ಹಾಕೋದಾದ್ರೆ ಹಾಕಿ. ನಾಳೆ ನಮ್ಮ ಅಂಗಳದಲ್ಲಿ ಒಲೆ ಹೂಡಿಸ್ತೀನಿ.”

ಅಂಗಳ ನಮ್ಮ ಯಜಮಾನರದು, ಅವರನ್ನು ಕೇಳಿರಲಿಲ್ಲ. ಅವರು ಬಾಗಿಲ ಹತ್ತಿರ ನಿಂತು ಕೆಮ್ಮಿದರು, ಇಲ್ಲ ಎನ್ನಲಿಲ್ಲ. ಅದನ್ನು ಇವತ್ತಿಗೂ ದೇವರ ಕೃಪೆಗಳ ಲೆಕ್ಕದಲ್ಲಿ ಇಟ್ಟುಕೊಂಡಿದ್ದೇನೆ.

ಭಾವನವರು ಅಟ್ಟದ ಕೊಬ್ಬರಿಯತ್ತ ಒಮ್ಮೆ ನೋಡಿದರು. ಬೀಗ ಜೇಬಿಗಿಳಿಸಿ, ಮೇಡಂ ಕಡೆ ತಿರುಗಿದರು. “ಮೇಡಂ, ನಮ್ಮನೆ ಹೆಣ್ಮಗಳಿಗೆ ಹೇಳಿ. ಒಲೆ ಬಾಗಿಲ ಕಡೆ ಸರಿಸ್ಲಿ, ಹಬೆ ಆಚೆ ಹೋಗ್ಲಿ. ಪಾಯದ ಮೇಲೆ ಗೋಡೆ ಏಳೋವರೆಗೆ ಅಷ್ಟೆ. ಬೂಸ್ಟು ಬಂದ ಕಾಯಿ ಅವಳೇ ಒರೆಸಿಕೊಡ್ಲಿ.”

“ಒರೆಸ್ತೀನಿ ಅಂತ ಹೇಳಿ ಮೇಡಂ,” ಎಂದೆ.

ಆ ಅಡಿಗೆಕೋಣೆ ಏಳಲು ಇನ್ನೂ ಎರಡು ವರ್ಷ ಬೇಕಾಯಿತು. ಅಲ್ಲಿಯವರೆಗೂ ಕಾಯಿ ಒರೆಸಿದ್ದೇನೆ. ಊಟ ಹಾಕಿದರೆ ನಷ್ಟ ಎನ್ನುವವರು ಈಗಲೂ ಸಿಗುತ್ತಾರೆ. ನಷ್ಟ ಇಲ್ಲವೆಂದು ನಾನು ಹೇಳುವುದಿಲ್ಲ, ಹೊಗೆ ನಾನೂ ಕುಡಿದಿದ್ದೇನೆ. ಆದರೆ ಶುಂಠಿ ಕೀಳುವವಳ ಮಗಳು ಮರುದಿನವೂ ನನ್ನ ಮಗಳ ಪಕ್ಕದಲ್ಲೇ ಕೂತಳು. ಏಳನೆಯ ತರಗತಿ ಮುಗಿಸುವವರೆಗೂ ಅಲ್ಲೇ ಕೂತಳು. ಅವಳನ್ನು ತಕ್ಕಡಿಯ ಆಚೆ ಬದಿಯ ಯಾವ ನಷ್ಟದ ಕಲ್ಲಿಗೂ ನಾನು ಬಿಟ್ಟುಕೊಡಲಾರೆ.

ಆ ದಿನ ಮನೆಗೆ ಬಂದಾಗ ಅತ್ತೆ ಜಗುಲಿಯಲ್ಲಿದ್ದರು. ಸುದ್ದಿ ನನಗಿಂತ ಮೊದಲೇ ಬಂದಿತ್ತು.

“ಭಾವನ ಮುಖ ನೋಡಿ ಮಾತಾಡಿದ್ಯಂತೆ.”

“ಹೂಂ ಅತ್ತೆ.”

“ಹೆಂಗೈತೆ ಮುಖ?”

ನಗು ತಡೆಯಲಾಗಲಿಲ್ಲ. ಕಾಲು ತೊಳೆದುಕೊಂಡು ಮೊರ ಕೈಗೆತ್ತಿಕೊಂಡೆ. ಅರ್ಧ ರಾಗಿ ಹಾಗೇ ಇತ್ತು, ಮಿಲ್ಲು ಮುಚ್ಚಲು ಇನ್ನೊಂದೇ ಗಂಟೆ ಉಳಿದಿತ್ತು. ಬೆಳಿಗ್ಗೆ ರೊಟ್ಟಿಗೆ ಹಿಟ್ಟು ಬೇಕಿತ್ತು.