ಬೈಗುಳ ಸಿಗದ ನೀರುಗಂಟಿ

ಜಗಳೂರಿನಿಂದ ಸೊಕ್ಕೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಬಿಳಿಗಲ್ಲಹಟ್ಟಿ ಸಿಗುತ್ತದೆ. ಆ ಊರಿನ ಭೀಮೇಶ ಎಷ್ಟು ಓದಿದ್ದನೆಂದರೆ, ಅವನ ಸರ್ಟಿಫಿಕೇಟುಗಳನ್ನು ಒಂದರ ಪಕ್ಕ ಒಂದು ಹಾಸುತ್ತ ಹೋದರೆ ಅವರ ಅಂಗಳ ಮುಗಿದು ಪಕ್ಕದ ಮನೆಯ ಅಂಗಳವನ್ನೂ ಕಡ ಕೇಳಬೇಕಾಗುತ್ತಿತ್ತು. ಭೂಗರ್ಭಶಾಸ್ತ್ರದಲ್ಲಿ ಎಂ.ಎಸ್ಸಿ., ಅದು ಸಾಲದೆಂದು ಬಿ.ಎಡ್., ಅದೂ ಸಾಲದೆಂದು ಮನೆಯಲ್ಲೇ ಕೂತು ಅರ್ಥಶಾಸ್ತ್ರದಲ್ಲಿ ಎಂ.ಎ. ನಡುವೆ ಕೈ ಖಾಲಿ ಇದ್ದಾಗ ಕಂಪ್ಯೂಟರಿನ ಎರಡು ಡಿಪ್ಲೊಮಾ. ಸರ್ಕಾರಿ ಕೆಲಸದ ಪರೀಕ್ಷೆಗಳನ್ನೂ ಬರೆದಿದ್ದ. ಒಂದರ ಫಲಿತಾಂಶ ಕೋರ್ಟಿನಲ್ಲಿ ಮಲಗಿತ್ತು, ಇನ್ನೊಂದರಲ್ಲಿ ಅರ್ಧ ಅಂಕ ಕೈಕೊಟ್ಟಿತ್ತು. ವಯಸ್ಸು ಮಾತ್ರ ಯಾವ ತಡೆಯಾಜ್ಞೆಯೂ ಇಲ್ಲದೆ ಮೂವತ್ತೊಂದಕ್ಕೆ ಬಂದು ನಿಂತಿತ್ತು.

ಸಣ್ಣಪುಟ್ಟ ಕೆಲಸಕ್ಕಾದರೂ ಸೇರೋಣವೆಂದರೆ ಓದು ಅಡ್ಡ ಬರುತ್ತಿತ್ತು. ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತ ಬೇಕೆಂದು ಕೇಳಿ ಹೋದ. ಮಂಡಿಯ ಸಾಹುಕಾರರು ಅರ್ಜಿ ಓದುತ್ತ ಓದುತ್ತ ತಾವೇ ಗಾದಿಯಿಂದ ಎದ್ದು ನಿಂತುಬಿಟ್ಟರು. "ನೀವು ಕೂತ್ಕೊಳ್ರಿ ಸಾರ್. ನಿಮ್ಗೆ ಕೆಲಸ ಹೇಳಾಕೆ ನಮ್ಗೆ ಯೋಗ್ಯತೆ ಸಾಲಲ್ಲ" ಎಂದು ಕಾಫಿ ತರಿಸಿಕೊಟ್ಟು ಕಳಿಸಿದರು. ಹೊನ್ನಾಳಿಯ ಒಂದು ಖಾಸಗಿ ಶಾಲೆಯ ಮುಖ್ಯೋಪಾಧ್ಯಾಯರು ಬರೀ ಬಿ.ಎ. ಇವನು ಒಳಗೆ ಬಂದರೆ ತಾವು ಹೊರಗೆ ಹೋಗಬೇಕಾದೀತೆಂದು ಅವರಿಗೆ ಮೂರು ದಿನ ಜ್ವರವೇ ಬಂತಂತೆ. ನ್ಯಾಮತಿಯ ಪೆಟ್ರೋಲ್ ಬಂಕಿನವನಂತೂ ಕೈಮುಗಿದ. "ಎಂ.ಎಸ್ಸಿ. ಕೈಲಿ ಪೆಟ್ರೋಲ್ ಹಾಕಿಸ್ಕೊಳ್ಳಾಕೆ ನಾಚಿ ಎಲ್ರೂ ಗಾಡಿ ಇಳಿದು ನಮಸ್ಕಾರ ಮಾಡ್ಕಂತ ನಿಲ್ತಾರೆ. ಕ್ಯೂ ಸವಳಂಗದ ತನಕ ಹೋಗ್ತೈತೆ. ಯಾಕೆ ಬೇಕು ಸಾರ್?"

ಹೀಗಿರುವಾಗ ಊರಿನ ನೀರುಗಂಟಿ ಖಲಂದರ್ ಸಾಬರಿಗೆ ಅರವತ್ತು ತುಂಬಿತು. ಟ್ಯಾಂಕಿನಿಂದ ಓಣಿ ಓಣಿಗೆ ಸರದಿಯ ಪ್ರಕಾರ ವಾಲ್ ತಿರುಗಿಸಿ ನೀರು ಬಿಡುವವನೇ ನೀರುಗಂಟಿ. ಖಲಂದರ್ ಸಾಬರು ಮೂವತ್ತು ವರ್ಷ ತಿರುಗಿಸಿದ್ದ ವಾಲುಗಳನ್ನು ಒಂದೇ ಕಡೆಗೆ ತಿರುಗಿಸಿದ್ದರೆ ಭೂಮಿಯೇ ಒಂದು ಸುತ್ತು ಹೆಚ್ಚು ತಿರುಗುತ್ತಿತ್ತು. ಆ ಜಾಗಕ್ಕೆ ಎಸ್ಸೆಸ್ಸೆಲ್ಸಿ ಓದಿದ ಊರಿನವರು ಬೇಕೆಂದು ಪಂಚಾಯಿತಿಯ ಗೋಡೆಗೆ ನೋಟೀಸು ಅಂಟಿತು.

"ಹಾಕು ಮಗಾ ಅರ್ಜಿ" ಎಂದಳು ಭೀಮೇಶನ ತಾಯಿ ಸುಂಕಲಮ್ಮ.

ಆಕೆಯ ಅತ್ತೆ ಊರ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಕೊಡ ಕೆಳಗಿಟ್ಟು, ದೂರ ನಿಂತು, ಯಾರಾದರೂ ಮನಸ್ಸು ಮಾಡಿ ಎತ್ತರದಿಂದ ನೀರು ಹೊಯ್ಯುವ ತನಕ ಕಾಯುತ್ತಿದ್ದಳು. ಅಂಥವಳ ಮೊಮ್ಮಗನ ಕೈಗೆ ಇಡೀ ಊರಿನ ನೀರಿನ ಕೀಲಿ ಬರುವುದಾದರೆ, ಸುಂಕಲಮ್ಮನ ಲೆಕ್ಕದಲ್ಲಿ ಅದು ಕಲೆಕ್ಟರ್ ಕೆಲಸಕ್ಕಿಂತ ಒಂದು ಗೇಣು ಮೇಲೆ. ಭೀಮೇಶನಿಗೂ ಈ ಕೆಲಸ ಬೇಕೇ ಬೇಕಿತ್ತು. ಇದೂ ತಪ್ಪಿದರೆ ಕೇಳಲು ಇನ್ನು ಯಾವ ಬಾಗಿಲೂ ಉಳಿದಿರಲಿಲ್ಲ.

ಪಂಚಾಯಿತಿ ಸಭೆಯಲ್ಲಿ ಅಧ್ಯಕ್ಷೆ ನಿರ್ಮಲಮ್ಮ ಅರ್ಜಿ ಓದಿ ಮುಗಿಸುವಷ್ಟರಲ್ಲಿ ಟೀ ಆರಿಹೋಯಿತು. ಹಿರಿಯ ಸದಸ್ಯ ಪಂಚಾಕ್ಷರಪ್ಪ ತಲೆ ಕೆರೆದುಕೊಂಡರು.

"ಹುಡುಗ ಚಿನ್ನ, ಅಧ್ಯಕ್ಷರೇ. ಅದೇ ತೊಂದ್ರೆ. ನೀರು ಬರ್ಲಿಲ್ಲ ಅಂದ್ರೆ ಬೈಯಾಕೆ ಊರಿಗೊಬ್ಬ ಮನುಷ್ಯ ಬೇಕಲ್ಲ. ಖಲಂದರ್‌ನ ಮೂವತ್ತು ವರ್ಷ ಬೈದೀವಿ, ಎರಡೂ ಕಡೆ ಆರೋಗ್ಯ ಚೆನ್ನಾಗೈತೆ. ಇಷ್ಟು ಓದಿದೋನ್ನ ಹೆಂಗೆ ಬೈಯೋದು? ನಾಲಿಗೆ ಏಳಬೇಕಲ್ಲ."

"ಬೈರಿ, ಯಜಮಾನ್ರೇ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ" ಎಂದ ಭೀಮೇಶ.

"ನೋಡ್ರಿ, ಎಷ್ಟು ಮರ್ಯಾದೆಯಾಗಿ ಹೇಳ್ತಾನೆ. ಇಂಥೋನ್ನ ಯಾವ ಬಾಯಲ್ಲಿ ಬೈಯೋದು?"

ನಿರ್ಮಲಮ್ಮ ಮಧ್ಯೆ ಒಂದು ದಾರಿ ಹುಡುಕಿದರು. ಹದಿನೈದು ದಿನ ನೀರು ಬಿಟ್ಟು ತೋರಿಸಲಿ. ಊರಿಗೆ ಸರಿಬಂದರೆ ಆರ್ಡರ್, ಇಲ್ಲವಾದರೆ ಬೇರೆಯವರು.

ಭೀಮೇಶ ಮರುದಿನವೇ ಟೊಂಕ ಕಟ್ಟಿದ. ಊರಿನ ನಕ್ಷೆ ಬರೆದು ಓಣಿಗೊಂದು ಬಣ್ಣ ಬಳಿದ. ಯಾವ ವಾಲ್ ಎಷ್ಟು ಸುತ್ತು, ಎಷ್ಟು ನಿಮಿಷ ಎಂಬುದನ್ನು ಪಟ್ಟಿ ಮಾಡಿ ಟ್ಯಾಂಕಿನ ಕಂಬಕ್ಕೆ ಅಂಟಿಸಿದ. ಕೋಳಿಗಳು ಅವನ ವಾಲಿನ ಸದ್ದು ಕೇಳಿ ಕೂಗತೊಡಗಿದವು ಎಂದು ಆ ಊರಿನವರು ಈಗಲೂ ಆಣೆ ಮಾಡಿ ಹೇಳುತ್ತಾರೆ. ಒಂದು ದಿನ, ಎರಡು ದಿನ, ಹನ್ನೊಂದು ದಿನ ಕಳೆಯಿತು. ಒಬ್ಬರೂ ಒಂದು ಮಾತು ಆಡಲಿಲ್ಲ. ಎದುರು ಸಿಕ್ಕವರೆಲ್ಲ "ನಮಸ್ಕಾರ ಸಾರ್" ಎನ್ನುತ್ತಿದ್ದರು. ಭೀಮೇಶನ ಎದೆ ದಿನಕ್ಕೊಂದು ಅಂಗುಲ ಅಗಲವಾಗಿ, ಅಂಗಿಯ ಗುಂಡಿಗಳು ಕಷ್ಟಕ್ಕೆ ಬಂದವು.

ಆ ದಿನ ಸಂಜೆ ಟೀ ಅಂಗಡಿಯಲ್ಲಿ ಖಲಂದರ್ ಸಾಬರು ಸಿಕ್ಕರು.

"ಹೆಂಗೆ ನಡೀತೈತೆ, ಬೇಟಾ? ಯಾರಾದ್ರೂ ಬೈದ್ರಾ?"

"ಒಬ್ಬರೂ ಬೈದಿಲ್ಲ, ಚಾಚಾ" ಎಂದ ಭೀಮೇಶ, ಹೆಮ್ಮೆಯಿಂದ.

ಖಲಂದರ್ ಸಾಬರು ಟೀ ಲೋಟ ಕೆಳಗಿಟ್ಟರು. "ಹನ್ನೊಂದು ದಿನದಾಗೆ ಒಬ್ಬರೂ ಬೈದಿಲ್ಲ ಅಂದ್ರೆ ಎಲ್ಲೋ ನೀರು ಹೋಗ್ತಿಲ್ಲ. ನನಗೇನು ಮೀಟರ್ ಇತ್ತಾ? ಬೈಗುಳನೇ ಮೀಟರ್. ಯಾವ ಓಣಿಯೋರು ಎಷ್ಟು ಹೊತ್ತಿಗೆ, ನಮ್ಮಪ್ಪನ್ನ ಬೈದ್ರಾ ಇಲ್ಲಾ ತಾತನ ತನಕ ಹೋದ್ರಾ, ಅದರ ಮ್ಯಾಲೇ ಎಲ್ಲಿ ಒಡೆದೈತೆ ಅಂತ ಹೇಳ್ತಿದ್ದೆ. ನಾಳೆ ಬೆಳಿಗ್ಗೆ ವಾಲ್ ಬಿಟ್ಟು ನಿಂತಲ್ಲೇ ನಿಲ್ಲಬೇಡ, ನಡ್ಕೊಂಡು ಹೋಗಿ ನೋಡು."

ಮರುದಿನ ಮೇಲಿನ ಕೇರಿಯ ಸರದಿ, ಅಂದರೆ ಭೀಮೇಶನದೇ ಕೇರಿ. ಬೆಳಿಗ್ಗೆ ಐದಕ್ಕೆ ವಾಲ್ ತೆರೆದು ಅವನು ಕೇರಿಗೆ ನಡೆದ. ನಲ್ಲಿಗಳು ಬರೀ ಉಸಿರು ಬಿಡುತ್ತಿದ್ದವು. ಗುಡ್ಡದಾಚೆಯ ಕೈಪಂಪಿನಿಂದ ಹೆಂಗಸರು ಸಾಲಾಗಿ ಕೊಡ ಹೊತ್ತು ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಸುಂಕಲಮ್ಮ, ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ. ದಿನಾ ಒಂಬತ್ತಕ್ಕೆ ಅವನು ಮನೆ ಸೇರುವಷ್ಟರಲ್ಲಿ ಹಂಡೆ ತುಂಬಿರುತ್ತಿತ್ತು. ತುಂಬಿದ್ದು ಹೀಗೆ.

"ಎಷ್ಟು ದಿನದಿಂದ ನೀರಿಲ್ಲ, ಅವ್ವಾ?"

"ಒಂದು ವಾರ ಆಗಿರಬೌದು."

"ನಂಗ್ಯಾಕೆ ಹೇಳ್ಲಿಲ್ಲ?"

"ಇಷ್ಟು ಓದಿದ ಮಗನಿಗೆ ನೀರು ಬಿಡಾಕೆ ಬರಲ್ಲ ಅಂತ ನಾನೇ ಹೆಂಗೆ ಬಾಯಿಬಿಡ್ಲಿ? ಆರ್ಡರ್ ಕೈಗೆ ಬರೋ ತನಕ ಉಸಿರೆತ್ತಬ್ಯಾಡ್ರಿ ಅಂತ ಕೇರಿಯೋರಿಗೂ ನಾನೇ ಹೇಳಿದ್ದು. ಪಾಪ, ಯಾರೂ ಎತ್ತಲಿಲ್ಲ."

ಭೀಮೇಶ ತಾಯಿಯ ತಲೆಯ ಮೇಲಿನ ಕೊಡ ಇಳಿಸಿಕೊಂಡ. ಆಮೇಲೆ ಜೇಬಿನಿಂದ ನೋಟ್‌ಬುಕ್ ತೆಗೆದು, "ಬೈಯವ್ವಾ. ಎಲ್ರಿಗೂ ಹೇಳು, ಬೈಯಾಕೆ. ನೀವು ಬೈಯದಿದ್ರೆ ಈ ಕೆಲಸ ನನಗೆ ಸಿಗಲ್ಲ" ಎಂದ.

ಸುಂಕಲಮ್ಮ ಸಾಮಾನ್ಯ ಬೈಗುಳದವಳಲ್ಲ. ಆಕೆ ಒಮ್ಮೆ ಬೈದ ಎಮ್ಮೆ ಅಂದಿನಿಂದ ತಾನೇ ಹಗ್ಗ ಹುಡುಕಿಕೊಂಡು ಬಂದು ಗೂಟದ ಪಕ್ಕ ನಿಲ್ಲುತ್ತಿತ್ತು. ಮಗನಿಗೆ ಮಾತ್ರ, ಅವನು ಎಸ್ಸೆಸ್ಸೆಲ್ಸಿ ಪಾಸಾದ ದಿನದಿಂದ, ಒಂದು ಗದರಿಕೆಯನ್ನೂ ಹಾಕಿರಲಿಲ್ಲ. ಸೆರಗು ಸಿಕ್ಕಿಸಿಕೊಂಡಳು.

"ಲೇ, ನೆಲದಾಗೆ ಸಾವಿರ ಅಡಿ ಕೆಳಗಿರೋ ನೀರು ಕಾಣ್ತೈತೆ ಅಂತ ಕಾಗದ ಬರೆಸ್ಕೊಂಡು ಬಂದೀಯ, ಮೂರಡಿ ಕೆಳಗೆ ಪೈಪಿನಾಗಿರೋದು ಕಾಣಲ್ಲೇನೋ ನಿನಗೆ? ಕೇರಿ ಗಂಟಲು ಒಣಗೈತೆ, ನೀನು ಕಂಬಕ್ಕೆ ಬಣ್ಣದ ಪಟ್ಟಿ ಅಂಟಿಸ್ಕಂತ ಕುಂತೀಯ."

ಅಷ್ಟೇ ಸಾಕಾಯಿತು. ವಾರದಿಂದ ಕಟ್ಟಿಟ್ಟಿದ್ದೆಲ್ಲ ಕೇರಿಯ ಬಾಗಿಲು ಬಾಗಿಲಿನಿಂದ ಧುಮ್ಮಿಕ್ಕಿತು. ನೀರಿಗೆ ಆ ರಭಸದ ನೂರರಲ್ಲೊಂದು ಪಾಲು ಇದ್ದಿದ್ದರೂ ಹಂಡೆಗಳು ತೇಲಿಹೋಗುತ್ತಿದ್ದವು. ಒಬ್ಬ ಅಜ್ಜಿ ಅವನ ಏಳು ತಲೆಮಾರನ್ನು ಜಾಲಾಡಿ ಕೊನೆಗೆ "ಸಾರ್" ಎಂದು ಸೇರಿಸಿದಳು. ಭೀಮೇಶ ಮನೆ ಮನೆಗೂ ನಿಂತು ಬರೆದುಕೊಂಡ. ನೀರು ಎಂದಿನಿಂದ ಸಣ್ಣಗಾಯಿತು, ಎಂದು ಪೂರ್ತಿ ನಿಂತಿತು. ಕೇರಿಯ ಮೊದಲ ಮನೆಯಿಂದ ಕೆಳಕ್ಕೆ ಇಳಿಯುತ್ತ ದಾರಿಯುದ್ದಕ್ಕೂ ಕೇಳಿದ. ಪಂಚಾಕ್ಷರಪ್ಪನವರ ಹಿತ್ತಲಿಗಿಂತ ಮೇಲಿನ ಮನೆಗಳಲ್ಲೆಲ್ಲ ಬೈಗುಳ, ಅದಕ್ಕಿಂತ ಕೆಳಗೆ "ಚೆನ್ನಾಗಿ ಬರ್ತೈತೆ ಸಾರ್." ಗಡಿ ಗೆರೆ ಹೊಡೆದಷ್ಟು ನೇರವಾಗಿತ್ತು.

ಆ ಹಿತ್ತಲಿನಲ್ಲಿ ಆರು ಬಾಳೆಗಿಡಗಳಿದ್ದವು. ಜಗಳೂರು ಸೀಮೆಯಲ್ಲಿ ಜಾಲಿಯೂ ಯೋಚನೆ ಮಾಡಿ ಚಿಗುರುತ್ತದೆ. ಇವು ಮಾತ್ರ ಆನೆಯ ಕಾಲಿನಷ್ಟು ದಪ್ಪ. ಗೊನೆಯನ್ನು ಬಸ್ಸಿಗೆ ಹಾಕಿದರೆ ಕಂಡಕ್ಟರ್ ಅರ್ಧ ಟಿಕೆಟ್ ಕೇಳುವಂತಿತ್ತು. ಅದು ತಮ್ಮ ಕೈಗುಣವೆಂದು ಪಂಚಾಕ್ಷರಪ್ಪ ನಂಬಿದ್ದರು, ಊರನ್ನೂ ನಂಬಿಸಿದ್ದರು.

"ಯಜಮಾನ್ರೇ, ನಿಮ್ಮ ಬಾಳೆ ಬುಡ ಅಗೀಬೇಕಿತ್ತು" ಎಂದ ಭೀಮೇಶ. ಹಾರೆ ಹಿಡಿದು ಖಲಂದರ್ ಸಾಬರು ಅವನ ಹಿಂದೆ ನಿಂತಿದ್ದರು.

"ಏನಂದ್ರಿ ಸಾರ್?"

"ಆರೂ ಗಿಡ ತೆಗೀಬೇಕು. ಪೈಪು ಅದರ ಕೆಳಗೆ ಒಡೆದೈತೆ."

ಪಂಚಾಕ್ಷರಪ್ಪ ಗಿಡಗಳ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಶುರುವಾಯಿತು. "ಲೇ ಭೀಮೇಶಾ, ಮಕ್ಕಳ ಹಂಗೆ ಸಾಕಿದ ಗಿಡ ಕಣಲೇ ಅವು. ನಿನ್ನ ಓದಿಗೆ ಬೆಂಕಿ ಹಾಕ, ಊರೆಲ್ಲ ಬಿಟ್ಟು ನನ್ನ ಹಿತ್ಲೇ ಬೇಕಾಗಿತ್ತೇನೋ ನಿನಗೆ..." ಹೀಗೆ ಉಸಿರು ತಿರುಗಿಸದೆ ಕಾಲು ಗಂಟೆ. ಬೇಲಿಯ ಮೇಲಿನ ಓತಿಕ್ಯಾತ ಬಣ್ಣ ಬದಲಿಸುವುದನ್ನು ಮರೆತು ಕೇಳುತ್ತ ಕೂತಿತು.

ಮುಗಿದ ಮೇಲೆ ಖಲಂದರ್ ಸಾಬರು ಮೆಲ್ಲಗೆ, "ಪಂಚಾಕ್ಷರಪ್ನೋರೇ, ನಾಲಿಗೆ ಎದ್ದು ನಿಂತೈತೆ ನೋಡ್ರಿ" ಎಂದರು.

ಪಂಚಾಕ್ಷರಪ್ಪನವರಿಗೆ ನಗು ತಡೆಯಲಾಗಲಿಲ್ಲ. ಅಂಗಿ ಬಿಚ್ಚಿಟ್ಟು ತಾವೇ ಮೊದಲ ಗಿಡಕ್ಕೆ ಮಚ್ಚು ಹಾಕಿದರು. ಮೂರಡಿ ಅಗೆಯುವಷ್ಟರಲ್ಲಿ ಕೆಸರು ಬಂತು, ಕೆಸರಿನ ಕೆಳಗೆ ಪೈಪಿನ ಜೋಡಣೆ. ವರ್ಷದಿಂದ ಹನಿ ಹನಿ ಸೋರಿ ಬಾಳೆ ಸಾಕಿದ್ದು, ವಾರದ ಹಿಂದೆ ಪೂರ್ತಿ ಬಾಯಿ ಬಿಟ್ಟಿತ್ತು. ಮಧ್ಯಾಹ್ನದೊಳಗೆ ಭೀಮೇಶ ಹೊಸ ಪೈಪು ಕೂರಿಸಿದ. ಮೇಲಿನ ಕೇರಿಯ ಕೊನೆಯ ನಲ್ಲಿ ಎರಡು ಸಲ ಕೆಮ್ಮಿ, ನೀರು ಸುರಿಸಿತು.

ಹದಿನಾರನೆಯ ದಿನದ ಸಭೆ ಐದು ನಿಮಿಷವೂ ನಡೆಯಲಿಲ್ಲ. "ನಂದೇನೂ ಅಡ್ಡಿ ಇಲ್ಲ. ಬೈದು ನೋಡೀನಿ, ತಡ್ಕೊಂತಾನೆ" ಎಂದು ಪಂಚಾಕ್ಷರಪ್ಪನವರೇ ಮೊದಲು ಕೈ ಎತ್ತಿದರು. ನೇಮಕದ ಫಾರಂನಲ್ಲಿ ವಿದ್ಯಾರ್ಹತೆಗೆ ಒಂದೇ ಸಾಲು ಜಾಗವಿತ್ತು. ಎಸ್ಸೆಸ್ಸೆಲ್ಸಿ ಎಂದಷ್ಟೇ ಬರೆದರೆ ಸಾಕಲ್ಲವೇ ಎಂದು ಗುಮಾಸ್ತ ಕೇಳಿದ.

"ಪೂರ್ತಿ ಬರೀರಿ" ಎಂದ ಭೀಮೇಶ. "ಅಷ್ಟೂ ಓದೀನಿ."

ನಿರ್ಮಲಮ್ಮ ಇನ್ನೊಂದು ಹಾಳೆ ಪಿನ್ನು ಹೊಡೆಸಿ, ಎರಡಕ್ಕೂ ಸಹಿ ಹಾಕಿದರು.

ಮುಂದಿನ ಸರದಿಯ ಬೆಳಿಗ್ಗೆ ಸುಂಕಲಮ್ಮ ಬಾಗಿಲ ನಲ್ಲಿಗೆ ಕೊಡ ಹಚ್ಚಿ ನಿಂತಿದ್ದಳು. ಮಗಳ ಮನೆಗೆಂದು ಬಂದಿದ್ದ ಪರವೂರಿನ ಹೆಂಗಸೊಬ್ಬಳು, "ನಿಮ್ಮ ಮಗ ಏನು ಮಾಡ್ತಾನಮ್ಮ?" ಎಂದು ವಿಚಾರಿಸಿದಳು. ಸುಂಕಲಮ್ಮ ಕೊಡ ತುಂಬುವ ತನಕ ಕಾದಳು. ನಲ್ಲಿ ನಿಲ್ಲಿಸಿದಳು. ನೀರಿನ ಸದ್ದಿನಲ್ಲಿ ಒಂದು ಅಕ್ಷರವೂ ತಪ್ಪಿಹೋಗಬಾರದಲ್ಲ.

"ಎಂ.ಎಸ್ಸಿ., ಬಿ.ಎಡ್., ಎಂ.ಎ. ಓದ್ಯಾನೆ" ಎಂದಳು. "ಈ ಊರಿಗೆ ನೀರು ಬಿಡೋನು ಅವನೇ."