ಯಾರಿಗೂ ನೆಂಟನಲ್ಲದ ಮಾಮ

ಮಾಮ ನಮ್ಮ ಅಧ್ಯಕ್ಷರ ಸೋದರಮಾವನೆಂದೇ ನಾನು ಸಂಸ್ಥೆ ಸೇರಿದ ಹೊಸತರಲ್ಲಿ ತಿಳಿದಿದ್ದೆ. ಹಾಗೆ ತಿಳಿಯದೆ ಇನ್ನೇನು? ಕಾಯಿಲೆಯವರಿಗೆ ಗಾಲಿಕುರ್ಚಿ, ಊರುಗೋಲು ಎರವಲು ಕೊಡುವ ನಮ್ಮ ಸೇವಾಸಂಸ್ಥೆಯಲ್ಲಿ ಖಜಾಂಚಿ ಅಧ್ಯಕ್ಷರ ಬೀಗರು, ಕಾರ್ಯದರ್ಶಿಯಾದ ನಾನು ಅವರ ಷಡ್ಡಕ. ನೆಂಟಸ್ತಿಕೆಯಿಲ್ಲದೆ ಒಳಗೆ ಬರುತ್ತಿದ್ದದ್ದು ಸೊಳ್ಳೆ ಮಾತ್ರ.

ಆಮೇಲೆ ಗೊತ್ತಾಯಿತು, ಮಾಮ ಹೊಲಿಗೆ ಮೆಷಿನ್ ರಿಪೇರಿಯವರು. ಕೆಲಸಕ್ಕೆ ಹೋದ ಮನೆಗಳ ಮಕ್ಕಳು ಹಾಗೆ ಕರೆದು ಕರೆದು ಅದೇ ಹೆಸರಾಗಿತ್ತು. ಸಂಸ್ಥೆಯ ನಿರ್ದೇಶಕನಾಗುವವನು ದಿವಾಳಿಯಾಗಿರಬಾರದು, ಜೈಲು ಕಂಡಿರಬಾರದು, ಬುದ್ಧಿ ಸ್ಥಿಮಿತದಲ್ಲಿರಬೇಕು ಎನ್ನುತ್ತದೆ ನಿಯಮ. ಇದರಲ್ಲೆಲ್ಲ ನಾವು ಹೇಗೋ ಪಾಸು. ಕೊನೆಯದಕ್ಕೆ ಯಾರೂ ಪರೀಕ್ಷೆ ಇಟ್ಟಿರಲಿಲ್ಲ. ತೊಡಕಾದದ್ದು ಇನ್ನೊಂದು: ನಿರ್ದೇಶಕರಲ್ಲಿ ಒಬ್ಬರಾದರೂ ಉಳಿದವರಿಗೆ ಯಾವ ರೀತಿಯಲ್ಲೂ ನೆಂಟರಾಗಿರಬಾರದು. ಊರನ್ನೆಲ್ಲ ಸೋಸಿದಾಗ ಜರಡಿಯಲ್ಲಿ ಉಳಿದವರು ಮಾಮ; ಹಾಗೆ ಅವರು ನಿರ್ದೇಶಕರಾದರು. ಹೆಂಡತಿ ಯಾವಾಗಲೋ ತೀರಿಕೊಂಡಿದ್ದರು. ಮಕ್ಕಳಿಲ್ಲ, ಒಡಹುಟ್ಟಿದವರಿಲ್ಲ.

ಪ್ರತಿ ವಾರ್ಷಿಕ ಸಭೆಯಲ್ಲೂ ಅವರು ಎದ್ದು, “ಇಲ್ಲಿರುವ ಯಾರೂ ನನಗೆ ಸಂಬಂಧಿಕರಲ್ಲ” ಎಂದು ಗಟ್ಟಿಯಾಗಿ ಹೇಳಬೇಕಿತ್ತು. ನಾವು ಚಪ್ಪಾಳೆ ತಟ್ಟುತ್ತಿದ್ದೆವು. “ನೋಡ್ರಪ್ಪ, ಅರ್ಹತೆ ಅಂದ್ರೆ ಇದು!” ಎಂದು ಅಧ್ಯಕ್ಷರು ಮೀಸೆ ತಿರುವುತ್ತಿದ್ದರು, ಅವರನ್ನು ಒಂಟಿ ಮಾಡಿದ್ದು ತಾವೇ ಎಂಬಂತೆ. ಆಮೇಲೆ ನಾವೆಲ್ಲ ಮನೆಯಿಂದ ಬಂದ ಫೋನಿಗೆ ಗೊಣಗುತ್ತ ಹೊರಟರೆ, ಮಾಮ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತ ಉಳಿಯುತ್ತಿದ್ದರು.

ಒಮ್ಮೆ ಅವರ ಜೊತೆ ಅವರ ಕೋಣೆಗೆ ಹೋಗಿದ್ದೆ. ಬೀಗ ಹಾಕಿದ ಬಾಗಿಲೊಳಗೆ ಯಾರೋ ಮಾತಾಡುತ್ತಿದ್ದರು.

“ರೇಡಿಯೋ,” ಎಂದರು ಮಾಮ. “ಬಂದಾಗ ಒಂದು ದನಿ ಇರ್ಲಿ ಅಂತ ಹಾಕೇ ಹೋಗ್ತೀನಿ.”

ನಮ್ಮಲ್ಲಿ ಗಾಲಿಕುರ್ಚಿ ಒರೆಸಿಡಲು ಬರುತ್ತಿದ್ದವರು ಅಧ್ಯಕ್ಷರ ಅಕ್ಕ. ಗಂಡನನ್ನು ಕಳೆದುಕೊಂಡವರು, ಬಾಯಿ ಜೋರು. “ಏನ್ರೀ ಮೆಷಿನ್ನೋರೇ, ಊರವರ ಹೊಲಿಗೆ ಸರಿ ಮಾಡ್ತೀರಿ, ನಿಮ್ಮಂಗಿಗೇ ಗುಂಡಿ ಇಲ್ವಲ್ಲ! ಕೊಡಿ ಇಲ್ಲಿ,” ಎಂದು ಒಮ್ಮೆ ಹೊಲಿದುಕೊಟ್ಟರು. ಮರುವಾರ ಇನ್ನೊಂದು ಗುಂಡಿ ಕಿತ್ತುಹೋಗಿತ್ತು. ಅದರ ಮರುವಾರ ಮತ್ತೊಂದು.

ಈ ಸಲದ ಸಭೆಯಲ್ಲಿ ಮಾಮ ಎದ್ದರು. ನಾವು ಚಪ್ಪಾಳೆಗೆ ಕೈ ಎತ್ತಿಕೊಂಡು ಕೂತಿದ್ದೆವು.

“ಈ ಸಲ ಆ ಮಾತು ಹೇಳೋಕಾಗಲ್ಲ,” ಎಂದರು, ಅಧ್ಯಕ್ಷರ ಕಡೆ ತಿರುಗಿ. “ನನ್ನ ಮದುವೆ ಆಗ್ತೀರಾ ಅಂತ ನಿಮ್ಮಕ್ಕನ್ನ ಕೇಳಿದೆ. ಹೂಂ ಅಂದಿದಾರೆ.”

ಎತ್ತಿದ ಕೈಗಳನ್ನು ಎಲ್ಲಿಡುವುದೆಂದು ಯಾರಿಗೂ ತೋಚಲಿಲ್ಲ. ಅಧ್ಯಕ್ಷರಿಗೆ ಅಕ್ಕನಿಗಿಂತ ಮೊದಲು ನೆನಪಾದದ್ದು ನಿಯಮ.

“ಅಯ್ಯೋ, ನನಗೆ ಭಾವ ಆದ್ರೆ ನೀವು ಅನರ್ಹರಾಗ್ಬಿಡ್ತೀರಲ್ರೀ! ಇಷ್ಟು ವರ್ಷ ಒಂಟಿಯಾಗೇ ಇದ್ರಿ, ಇನ್ನೊಂದು ಅವಧಿ ಇರೋಕೆ ಏನ್ ಕಷ್ಟ ನಿಮಗೆ?”

“ನೀವು ಚಪ್ಪಾಳೆ ತಟ್ಟಿ ಮನೆಗೆ ಹೋಗ್ತೀರಿ,” ಎಂದರು ಮಾಮ. “ನಾನು ರೇಡಿಯೋ ಹತ್ರ ಹೋಗ್ತೀನಿ.”