ಫತೇಗಂಜಿನ ಪಿಯಾನೋ

ಬರೋಡಾಕ್ಕೆ ವರ್ಗವಾಗಿ ಬಂದ ನಮ್ಮವರೆಲ್ಲ ಊರಿಂದ ಒರಳುಕಲ್ಲು ತಂದರೆ, ಪಕ್ಕದ ಮನೆಯ ರೈಲ್ವೆ ಗುಮಾಸ್ತ ಸದಾಶಿವರಾಯರು ಪಿಯಾನೋ ತಂದರು. ಫತೇಗಂಜಿನ ಎರಡು ಕೋಣೆಯ ಬಾಡಿಗೆಮನೆ. ಮೊದಲು ಪಿಯಾನೋ ಕೂತಿತು. ಮಿಕ್ಕ ಜಾಗದಲ್ಲಿ ಗಂಡಹೆಂಡಿರು ಹೊಂದಿಕೊಂಡರು. ಮೈಸೂರಿನಲ್ಲಿ ಯಾರೋ ಪಾದ್ರಿ ಕಲಿಸಿದ ವಿದ್ಯೆ, ಮಹಾನುಭಾವರು ಬಿಡುವುದುಂಟೇ?

ಅರವತ್ತನಾಲ್ಕನೇ ಇಸವಿಯಲ್ಲಿ ಭರೂಚ್ ಕಡೆ ಕೆಲಸಕ್ಕೆ ಹೋದವರು ಉರುಸಿನಲ್ಲಿ ಸಿದ್ದಿಗಳ ಡೋಲು ಕೇಳಿಬಂದರು. ಆ ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು. ಒಂದು ಡೋಲು ಎರಡು ಪೆಟ್ಟು ಹಾಕುವಷ್ಟರಲ್ಲಿ ಇನ್ನೊಂದು ಮೂರು ಹಾಕುತ್ತದಂತೆ. ಸರಿ, ಶುರುವಾಯಿತು. ರಾಯರ ಎಡಗೈಯಲ್ಲಿ ಎರಡು, ಬಲಗೈಯಲ್ಲಿ ಮೂರು, ಅದಕ್ಕೆ ಪಾದ್ರಿ ಕಲಿಸಿದ ಪಾಶ್ಚಾತ್ಯ ಸಂಗೀತದ ಉಡುಪು. ಎರಡು ವರ್ಷ ನನ್ನ ಮಧ್ಯಾಹ್ನದ ನಿದ್ದೆಯನ್ನು ಕಲೆಗೆ ಅರ್ಪಿಸಿದೆ.

ಅವರ ಹೆಂಡತಿ ನಾಗವೇಣಿಗೂ ರೋಸಿಹೋಗಿತ್ತು. "ಕನ್ನಡ ಸಂಘದವರು ಇದನ್ನು ಕೊನೇತನಕ ಕೂತು ಕೇಳಿದರೆ ಪಿಯಾನೋ ಮನೇಲಿರಲಿ. ಇಲ್ಲದಿದ್ದರೆ ಮಾರಿಬಿಡಿ," ಅಂದಳು. ರಾಯರು ಒಪ್ಪಿದರು. ನಮ್ಮ ಸಂಘದ ಮೇಲೆ ಪಾಪ, ಅಷ್ಟು ನಂಬಿಕೆ.

ರಾಜ್ಯೋತ್ಸವದ ದಿನ, ಪಿಯಾನೋ ಇದ್ದ ಶಾಲೆಯೊಂದರ ಹಾಲ್‌ನಲ್ಲಿ ರಾಯರು ನುಡಿಸಲು ಕೂತರು. ಸಂಗೀತ ಅಂದಮೇಲೆ ನಮ್ಮವರ ಕೈ ಸುಮ್ಮನಿರುತ್ತದೆಯೇ? ತೊಡೆ ತಟ್ಟಿ ತಾಳ ಹಾಕತೊಡಗಿದರು. ಕಾರ್ಯದರ್ಶಿ ವೆಂಕಟಾಚಲ ಆದಿತಾಳ ಹಿಡಿದರು, ಕೂಡಲಿಲ್ಲ. ರೂಪಕಕ್ಕೆ ಹೊರಳಿದರು, ಅದೂ ಕೂಡಲಿಲ್ಲ. ಕಾರ್ಯದರ್ಶಿಗಳ ಕೈ ತಪ್ಪುವುದುಂಟೇ? ಎದ್ದುನಿಂತು, "ರಾಯರೇ, ತಾಳ ಹೋಗಿದೆ. ಒಂದು ದೇವರನಾಮ ನುಡಿಸಿ ಮುಗಿಸಿಬಿಡಿ," ಅಂದರು. ಸಭೆ ತಲೆಯಾಡಿಸಿತು. ರಾಯರು ಕೈ ತೆಗೆದರು.

ಎಲ್ಲರ ತಾಳವೂ ನಿಂತಿತು. ಆದರೂ ನನ್ನ ಪಕ್ಕದಲ್ಲಿ ತಟ್ಟುವ ಸದ್ದು ನಿಂತಿರಲಿಲ್ಲ. ನೋಡಿದರೆ ನಾಗವೇಣಿ! ಎಡಗೈ ಎರಡು, ಬಲಗೈ ಮೂರು, ಒಂದಿಷ್ಟೂ ತಪ್ಪದೆ. ತಾನು ತಟ್ಟುತ್ತಿರುವುದು ಅವಳಿಗೇ ಗೊತ್ತಿರಲಿಲ್ಲ. ಎಲ್ಲರೂ ತಿರುಗಿದಾಗ ಮುಖ ಕೆಂಪಾಯಿತು, ಕೈ ಮಾತ್ರ ನಿಲ್ಲಲಿಲ್ಲ.

"ಯಾಕ್ರೀ ನಿಲ್ಲಿಸಿದಿರಿ? ಇನ್ನೂ ಇದೆಯಲ್ಲ," ಅಂದಳು.

ರಾಯರು ಅವಳ ಕೈ ನೋಡುತ್ತಲೇ ಮುಂದುವರಿಸಿದರು. ಸಂಘದ ರಸಿಕರು ಒಬ್ಬೊಬ್ಬರಾಗಿ ಎದ್ದು ಉಪ್ಪಿಟ್ಟಿನ ಕಡೆ ನಡೆದರು. ಕೊನೇತನಕ ಕೂತು ಕೇಳಿದವರು ನಾಗವೇಣಿ, ನಾನು, ಇಬ್ಬರೇ. ನನಗೆ ಉಪ್ಪಿಟ್ಟಿನ ನೆನಪೇ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ದಾರಿಯಲ್ಲಿ ರಾಯರು ತಲೆತಗ್ಗಿಸಿ, "ಮಾತು ಮಾತೇ. ಸಂಘ ಎದ್ದುಹೋಯಿತು. ನಾಳೆಯೇ ಗಿರಾಕಿ ಹುಡುಕುತ್ತೇನೆ," ಅಂದರು.

"ಯಾಕೆ, ನಾನು ಸಂಘದವಳಲ್ವಾ?" ಅಂದಳು ನಾಗವೇಣಿ.

ನನ್ನ ನಿದ್ದೆ ಹೋಯಿತು. ಹೋಗಲಿ ಬಿಡಿ.